ಆಕ್ಲೆಂಡ್‌ನಿಂದ ಟೋಂಗಾಕ್ಕೆ 34 ಅಡಿಯ ಹಾಯಿದೋಣಿ: ಇರುವ ನಾಲ್ಕು ತಿಂಗಳಲ್ಲಿ ಮೊದಲು ಏನು ಮಾಡಬೇಕು?

ಕಡಲತಡಿ_ಆಕ್ಲೆಂಡ್ · ಜನವರಿ 9

ಎಲ್ಲರಿಗೂ ನಮಸ್ಕಾರ. ನಾನು ಗಂಗೊಳ್ಳಿ ಅಳಿವೆ ನೋಡುತ್ತಾ ಬೆಳೆದವನು. ಆಕ್ಲೆಂಡ್‌ಗೆ ಬಂದು 14 ವರ್ಷ ಆಯಿತು. ಎರಡು ವರ್ಷದ ಹಿಂದೆ ಒಂದು ಹಳೇ ಹಾಯಿದೋಣಿ ತೆಗೆದುಕೊಂಡೆವು. 34 ಅಡಿ, ಫೈಬರ್ ಮೈ, 1983ರಲ್ಲಿ ಕಟ್ಟಿದ್ದು, ಒಳಗೆ ಒಂದು ಸಣ್ಣ ಡೀಸೆಲ್ ಎಂಜಿನ್. ಎರಡು ಬೇಸಿಗೆ ಆಕ್ಲೆಂಡ್ ಪಕ್ಕದ ಹೌರಾಕಿ ಗಲ್ಫ್‌ನಲ್ಲಿ ಸುತ್ತಾಡಿದ್ದೇವೆ.

ಈ ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ ಪೆಸಿಫಿಕ್‌ನ ದ್ವೀಪದೇಶ ಟೋಂಗಾಕ್ಕೆ ಹೊರಡಬೇಕು ಅಂತಿದ್ದೇವೆ. ನ್ಯೂಜಿಲೆಂಡ್ ಉತ್ತರದ ಓಪುವಾ ಬಂದರಿನಿಂದ ಸಾವಿರ ನಾಟಿಕಲ್ ಮೈಲಿಗಿಂತ (ಒಂದು ಅಂದರೆ ಸುಮಾರು 1.85 ಕಿಮೀ) ಸ್ವಲ್ಪ ಜಾಸ್ತಿ. ದಿನಕ್ಕೆ 120 ಮೈಲಿ ಹೋದರೆ 9 ದಿನ. ಏಪ್ರಿಲ್ ಕೊನೆಗೆ ಚಂಡಮಾರುತದ ಕಾಲ ಮುಗಿಯುತ್ತದೆ. ನವೆಂಬರ್ ಒಳಗೆ ವಾಪಸ್ ಬರಬೇಕು.

ಕೈಯಲ್ಲಿ 22,000 ಡಾಲರ್ ಇದೆ. ನನ್ನ ಪಟ್ಟಿ ಹೀಗಿದೆ: ಹೊಸ ಚಾರ್ಟ್‌ಪ್ಲಾಟರ್ (ಸಮುದ್ರದ ನಕ್ಷೆ ತೋರಿಸುವ ಪರದೆ), ಲಿಥಿಯಂ ಬ್ಯಾಟರಿ, 400 ವ್ಯಾಟ್ ಸೋಲಾರ್, ಸ್ಟಾರ್‌ಲಿಂಕ್ (ಉಪಗ್ರಹದ ಇಂಟರ್‌ನೆಟ್), ಉಪ್ಪುನೀರನ್ನು ಸಿಹಿ ಮಾಡುವ ವಾಟರ್‌ಮೇಕರ್, ಲೈಫ್‌ರಾಫ್ಟ್ (ದೋಣಿ ಮುಳುಗಿದರೆ ಹತ್ತುವ ತೆಪ್ಪ). ಇಷ್ಟಕ್ಕೇ ದುಡ್ಡು ಮುಗಿಯುತ್ತದೆ. ಈ ಪಟ್ಟಿ ಸರಿಯಿದೆಯಾ? ಏನಾದರೂ ಬಿಟ್ಟಿದ್ದೇನಾ? ಸಮುದ್ರದಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದಾರೆ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ನೀಲಿ_ಲಂಗರು · ಜನವರಿ 9

ನಮಸ್ಕಾರ. ನಾವು ಫಾಂಗರೇಯಲ್ಲಿ ಇದ್ದೇವೆ. ಮೂಲ ಸಾಗರ. ನಾನು ಮತ್ತು ನಮ್ಮ ಮನೆಯವರು ಈ ದಾರಿಯಲ್ಲಿ ಎರಡು ಸಲ ಹೋಗಿ ಬಂದಿದ್ದೇವೆ, ಒಮ್ಮೆ ಟೋಂಗಾ, ಒಮ್ಮೆ ಫಿಜಿ.

ನಿಮ್ಮ ಪಟ್ಟಿ ಓದಿ ಮೊದಲು ಅನಿಸಿದ್ದನ್ನೇ ಹೇಳುತ್ತೇನೆ. ಅದರಲ್ಲಿ ಇರುವುದೆಲ್ಲ ಅಂಗಡಿಯಲ್ಲಿ ಸಿಗುವ ಸಾಮಾನು. ದೋಣಿಯಲ್ಲಿ ಈಗಾಗಲೇ ಇರುವುದರ ಬಗ್ಗೆ ಒಂದು ಸಾಲೂ ಇಲ್ಲ. 1983ರ ದೋಣಿ ಅಂದರೆ ನಲವತ್ತು ವರ್ಷ ದಾಟಿದೆ. ಅದರ ಮಾಸ್ಟ್ (ಹಾಯಿಕಂಬ) ಹಿಡಿದಿರುವ ತಂತಿಗಳು ಯಾವ ವರ್ಷದವು? ತಳದಲ್ಲಿ ನೀರಿನ ಪೈಪ್‌ಗಳಿಗೆ ಅಂತ ಕೊರೆದ ತೂತು ಎಷ್ಟು ಇವೆ? ಪ್ರತಿಯೊಂದರ ವಾಲ್ವ್ ಮುಚ್ಚುತ್ತದಾ? ಚುಕ್ಕಾಣಿಯನ್ನು ಯಾರಾದರೂ ಕೆಳಗಿಳಿಸಿ ನೋಡಿ ಎಷ್ಟು ವರ್ಷ ಆಯಿತು? ಇವಕ್ಕೆ ಉತ್ತರ ಗೊತ್ತಾಗುವವರೆಗೆ ಒಂದು ಡಾಲರ್ ಕೂಡ ಖರ್ಚು ಮಾಡಬೇಡಿ.

ನಾವು ಇಟ್ಟುಕೊಂಡಿದ್ದ ಕ್ರಮ ಇದು. ನೀರು ಒಳಗೆ ಬರಬಾರದು. ಮಾಸ್ಟ್ ಬೀಳಬಾರದು. ಚುಕ್ಕಾಣಿ ಕೈಕೊಡಬಾರದು. ಜನ ದೋಣಿಯಿಂದ ಆಚೆ ಬೀಳಬಾರದು. ಈ ನಾಲ್ಕು ಮುಗಿದ ಮೇಲೆ ಉಳಿದದ್ದು.

ಇನ್ನೊಂದು ವಿಷಯ. ನಿಮ್ಮದು ನ್ಯೂಜಿಲೆಂಡ್ ಬಾವುಟದ ದೋಣಿ ಆದರೆ ಕ್ಯಾಟಗರಿ 1 ತಪಾಸಣೆ (ದೂರ ಸಮುದ್ರಕ್ಕೆ ದೋಣಿ ಸುರಕ್ಷಿತವಾ ಅಂತ ನೋಡುವುದು) ಆಗದೆ ದೇಶ ಬಿಟ್ಟು ಹೊರಡುವ ಹಾಗಿಲ್ಲ. ಯಾಟಿಂಗ್ ನ್ಯೂಜಿಲೆಂಡ್‌ನ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಅವರನ್ನು ಈಗಲೇ ಕರೆಯಿರಿ, ಏಪ್ರಿಲ್‌ನಲ್ಲಿ ಅಲ್ಲ. ಜನವರಿಯಲ್ಲಿ ಬಂದರೆ ಅವರು ಮಾರ್ಗದರ್ಶಕರು. ಏಪ್ರಿಲ್ ಕೊನೆಗೆ ಬಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಅವರು ಬರೆದುಕೊಟ್ಟ ಚೀಟಿ ಮಾತ್ರ, ಸರಿಪಡಿಸಲು ಸಮಯ ಇರುವುದಿಲ್ಲ.

ದಕ್ಕೆ_ಮೆಕ್ಯಾನಿಕ್ · ಜನವರಿ 10

ಮಾರಾಯ್ರೆ, ನಾನು ಹಾಯಿದೋಣಿ ನೋಡಿದವನಲ್ಲ. ಮಲ್ಪೆ ದಕ್ಕೆಯಲ್ಲಿ 22 ವರ್ಷದಿಂದ ಟ್ರಾಲ್‌ಬೋಟ್ ಎಂಜಿನ್ ಕೆಲಸ ಮಾಡುತ್ತಿದ್ದೇನೆ. ಆದರೆ ಡೀಸೆಲ್ ಎಂಜಿನ್ ಎಲ್ಲಿಯಾದರೂ ಡೀಸೆಲ್ ಎಂಜಿನ್ನೇ ಅಲ್ವಾ, ಹಾಗಾಗಿ ಎರಡು ಮಾತು.

ಕಡಲಿನ ನಡುವೆ ಎಂಜಿನ್ ನಿಂತದ್ದನ್ನು ತುಂಬ ನೋಡಿದ್ದೇನೆ. ಹೆಚ್ಚಿನ ಸಲ ಎಂಜಿನ್ನಿನದು ತಪ್ಪೇ ಅಲ್ಲ, ಡೀಸೆಲ್‌ದು. ಟ್ಯಾಂಕ್‌ನ ತಳದಲ್ಲಿ ನೀರು ನಿಂತಿರುತ್ತದೆ. ಆ ನೀರು ಮತ್ತು ಡೀಸೆಲ್ ಸೇರುವ ಕಡೆ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಆಗುತ್ತದೆ. ಬಂದರಿನಲ್ಲಿ ಬೋಟ್ ಅಲ್ಲಾಡದೆ ನಿಂತಿದ್ದಾಗ ಆ ಲೋಳೆ ತಳದಲ್ಲೇ ಮಲಗಿರುತ್ತದೆ, ಎಂಜಿನ್ ಚೆಂದ ಓಡುತ್ತದೆ. ಹೊರಗೆ ಹೋಗಿ ದೊಡ್ಡ ತೆರೆಗೆ ಬೋಟ್ ಎದ್ದು ಬಿದ್ದ ಕೂಡಲೇ ಎಲ್ಲ ಕದಡಿ ಮೇಲೆ ಬರುತ್ತದೆ. ಅರ್ಧ ಗಂಟೆಯಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂದರೆ ಎಂಜಿನ್ ಬೇಕೇ ಬೇಕು ಅನ್ನುವ ಹೊತ್ತಿಗೇ ನಿಲ್ಲುತ್ತದೆ.

ನೀವು ಒಂದು ಕೆಲಸ ಮಾಡಿ. ಸಣ್ಣ ಪೈಪ್ ಹಾಕಿ ಟ್ಯಾಂಕ್‌ನ ತೀರಾ ತಳದಿಂದ ಒಂದು ಲೀಟರ್ ಎಳೆದು ಗಾಜಿನ ಬಾಟಲಿಯಲ್ಲಿ ಇಡಿ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಕೆಳಗೆ ನೀರು, ನಡುವೆ ಕಪ್ಪು ಪದರ, ಮೇಲೆ ಡೀಸೆಲ್ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಮೇಲೆ ಕೈ ಹೋಗುವಷ್ಟು ಮುಚ್ಚಳ ಕೊರೆಸಿ, ಬಟ್ಟೆ ಹಾಕಿ ಉಜ್ಜಬೇಕು. ಔಷಧಿ ಹಾಕಿದರೆ ಸಾಲದು. ಔಷಧಿಗೆ ಜೀವಿ ಸಾಯುತ್ತದೆ ಅಷ್ಟೇ, ಸತ್ತದ್ದು ಅಲ್ಲೇ ಉಳಿಯುತ್ತದೆ.

ಆಮೇಲೆ ಫಿಲ್ಟರ್ ಎರಡು ಅಕ್ಕಪಕ್ಕ ಹಾಕಿಸಿ. ನಡುವೆ ಒಂದು ವಾಲ್ವ್ ಇರಲಿ. ಒಂದು ಕಟ್ಟಿಕೊಂಡರೆ ಹಿಡಿ ತಿರುಗಿಸಿ ಇನ್ನೊಂದರಲ್ಲಿ ಓಡಿಸಬಹುದು, ಎಂಜಿನ್ ನಿಲ್ಲಿಸಬೇಕಾಗಿಲ್ಲ. ಡೀಸೆಲ್ ಪೈಪ್‌ಗೆ ಗಾಳಿ ಸೇರಿದರೆ ಆ ಏರ್ ತೆಗೆಯುವುದನ್ನು ನೀವೂ ಕಲಿಯಿರಿ, ಮನೆಯವರಿಗೂ ಕಲಿಸಿ. ಕಣ್ಣು ಮುಚ್ಚಿಕೊಂಡು ಮಾಡಲು ಬರಬೇಕು, ಯಾಕೆಂದರೆ ರಾತ್ರಿ, ವಾಂತಿ ಬರುವ ಹೊತ್ತಿನಲ್ಲೇ ಮಾಡಬೇಕಾಗಿ ಬರುವುದು. ಇಂಪೆಲರ್ (ಎಂಜಿನ್ ತಂಪು ಮಾಡುವ ನೀರಿನ ಪಂಪ್‌ನ ರಬ್ಬರ್ ಚಕ್ರ), ಬೆಲ್ಟ್, ಫಿಲ್ಟರ್ ಇವನ್ನು ಎಷ್ಟು ಜಾಸ್ತಿ ಇಟ್ಟರೂ ಕಮ್ಮಿಯೇ.

ಫೈಬರ್_ಗೋವಾ · ಜನವರಿ 11

ನಾನು ಕಾರವಾರದವನು. ಗೋವಾದಲ್ಲಿ ದೋಣಿ ಕಟ್ಟುವ ಯಾರ್ಡ್‌ಗಳಲ್ಲಿ ಫೈಬರ್ ಕೆಲಸ ಮಾಡುತ್ತೇನೆ. ನೀಲಿ ಲಂಗರು ಅಕ್ಕ ಹೇಳಿದ ಚುಕ್ಕಾಣಿ ವಿಷಯಕ್ಕೆ ಸೇರಿಸುತ್ತೇನೆ.

ನಿಮ್ಮ ಕಾಲದ ದೋಣಿಗಳಲ್ಲಿ ಚುಕ್ಕಾಣಿ ಅಂದರೆ ಎರಡು ಫೈಬರ್ ಚಿಪ್ಪು, ನಡುವೆ ಫೋಮ್, ಅದರೊಳಗೆ ಸ್ಟೀಲ್ ಕಂಬಕ್ಕೆ ಬೆಸುಗೆ ಹಾಕಿದ ಪಟ್ಟಿಗಳು. ಕಂಬ ಚಿಪ್ಪಿನೊಳಗೆ ಹೋಗುವ ಸಂದಿಯಲ್ಲಿ ನೀರು ಇಳಿಯುತ್ತದೆ. ವರ್ಷಗಟ್ಟಲೆ ಒಳಗೆ ಕೂತು ಆ ಬೆಸುಗೆಯನ್ನು ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಹಿಡಿತವೇ ಇರುವುದಿಲ್ಲ. ಅಂಥ ಚುಕ್ಕಾಣಿಯಲ್ಲಿ ಕಂಬ ತಿರುಗುತ್ತದೆ, ಹಲಗೆ ತಿರುಗುವುದಿಲ್ಲ.

ದೋಣಿಯನ್ನು ನೀರಿನಿಂದ ಎತ್ತಿದಾಗ ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಿಂದ ಚುಕ್ಕಾಣಿ ಪೂರ್ತಿ ತಟ್ಟಿ ನೋಡಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಕಡೆ ಒಡೆದ ಮಡಕೆ ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಕೆಳತುದಿಯಲ್ಲಿ 5 ಮಿಮೀ ತೂತು ಕೊರೆದು ಒಂದು ರಾತ್ರಿ ಬಿಡಿ. ಕಂದು ನೀರು ತೊಟ್ಟಿಕ್ಕಿದರೆ ಬಿಚ್ಚಲೇಬೇಕು. ಹಿಡಿಕೆ ಹಿಡಿದು ಒಬ್ಬರು ಗಟ್ಟಿಯಾಗಿ ನಿಲ್ಲಿ, ಇನ್ನೊಬ್ಬರು ಹಲಗೆಯನ್ನು ತಿರುಗಿಸಿ ನೋಡಿ. ಒಂದು ಕೂದಲೆಳೆ ಆಟ ಇದ್ದರೂ ಬಿಡಬೇಡಿ.

ನಮ್ಮ ನೌಕಾಪಡೆಯ ಐಎನ್‌ಎಸ್‌ವಿ ತಾರಿಣಿ ಗೋವಾದಲ್ಲೇ ಕಟ್ಟಿದ ದೋಣಿ. 2017-18ರಲ್ಲಿ ಆರು ಮಂದಿ ಹೆಣ್ಣುಮಕ್ಕಳು ಅದರಲ್ಲಿ ಇಡೀ ಭೂಮಿ ಸುತ್ತಿ ಬಂದರು. ಅಷ್ಟು ಹೊಸ, ಅಷ್ಟು ಚೆನ್ನಾಗಿ ನೋಡಿಕೊಂಡ ದೋಣಿಗೂ ಕೊನೆಯ ಹಂತದಲ್ಲಿ ಚುಕ್ಕಾಣಿ ವ್ಯವಸ್ಥೆ ಕೆಟ್ಟು ಮಾರಿಷಸ್‌ಗೆ ಹೋಗಿ ಸರಿ ಮಾಡಿಸಿಕೊಳ್ಳಬೇಕಾಯಿತು. ಸಮುದ್ರದಲ್ಲಿ ಒಂದು ನಿಮಿಷವೂ ಪುರುಸೊತ್ತಿಲ್ಲದೆ ಕೆಲಸ ಮಾಡುವ ಅಂಗ ಅದು.

ಕಡಲತಡಿ_ಆಕ್ಲೆಂಡ್ · ಜನವರಿ 25

ಎಲ್ಲರಿಗೂ ತುಂಬ ಥ್ಯಾಂಕ್ಸ್. ದೋಣಿಯನ್ನು ಯಾರ್ಡ್‌ಗೆ ಎತ್ತಿಸಿದೆ.

ಚುಕ್ಕಾಣಿ ಗಟ್ಟಿ ಇದೆ. ತೂತು ಕೊರೆದು ಬಿಟ್ಟೆ, ಒಣಗಿಯೇ ಇತ್ತು. ದೇವರು ದೊಡ್ಡವನು. ಡೀಸೆಲ್ ಬಾಟಲಿಯಲ್ಲಿ ಮಾತ್ರ ಮೆಕ್ಯಾನಿಕ್ ಅಣ್ಣ ಹೇಳಿದ ಮೂರೂ ಪದರ ಕಂಡವು.

ಆದರೆ ನಿದ್ದೆ ಕೆಡಿಸಿದ್ದು ವಾಲ್ವ್‌ಗಳು. ನೀರಿನ ಮಟ್ಟದ ಕೆಳಗೆ ಏಳು ತೂತು ಇವೆ. ನಾಲ್ಕು ಸಲೀಸಾಗಿ ತಿರುಗಿದವು. ಐದನೆಯದು, ಅಡುಗೆಮನೆ ಸಿಂಕ್‌ನದು, ಬಿಗಿಯಾಗಿತ್ತು. ಸ್ವಲ್ಪ ಜೋರು ಹಾಕಿದೆ. ಹಿಡಿ ವಾಲ್ವ್‌ನ ಕುತ್ತಿಗೆ ಸಮೇತ ಕೈಗೆ ಬಂತು. ಮುರಿದ ಕಡೆ ಲೋಹ ಹಳದಿ ಇರಲಿಲ್ಲ. ನಸುಗೆಂಪು ಬಣ್ಣ, ಒಣಗಿದ ಇಟ್ಟಿಗೆ ಥರ ಪುಡಿಪುಡಿ. ಚಾಕುವಿನಿಂದ ಕೆರೆದರೆ ಉದುರುತ್ತಿತ್ತು. ಎರಡು ವರ್ಷ ನಾವು ಅದರ ಮೇಲೇ ನಿಂತು ಪಾತ್ರೆ ತೊಳೆದಿದ್ದೇವೆ. ನೀರಿನಲ್ಲಿ ಇದ್ದಾಗ ಅದನ್ನು ತಿರುಗಿಸಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡು ಅಲ್ಲೇ ಕೂತುಬಿಟ್ಟೆ.

ಫೈಬರ್_ಗೋವಾ · ಜನವರಿ 25

ಅದು ಹಿತ್ತಾಳೆ ವಾಲ್ವ್. ಹಿತ್ತಾಳೆಯಲ್ಲಿ ತಾಮ್ರ ಮತ್ತು ಸತು ಇರುತ್ತದೆ. ಉಪ್ಪುನೀರು ಸತುವನ್ನು ಮೆಲ್ಲಗೆ ತಿಂದುಬಿಡುತ್ತದೆ, ಉಳಿಯುವುದು ತೂತುತೂತಾದ ತಾಮ್ರ. ಅದಕ್ಕೇ ಆ ಕೆಂಪು. ಏಳನ್ನೂ ಬದಲಾಯಿಸಿ. ಸಮುದ್ರಕ್ಕೆ ಅಂತಲೇ ಮಾಡಿದ ಕಂಚು ಹಾಕಿ, ಇಲ್ಲವೇ ಗಟ್ಟಿ ಪ್ಲಾಸ್ಟಿಕ್‌ನದು ಹಾಕಿ. ಪ್ರತಿ ವಾಲ್ವ್ ಪಕ್ಕ ಅದರ ಅಳತೆಯ ಮರದ ಬೆಣೆ ಒಂದನ್ನು ದಾರದಲ್ಲಿ ಕಟ್ಟಿಡಿ.

ಲೆಕ್ಕ ಗೊತ್ತಿರಲಿ: ನೀರಿನ ಮಟ್ಟದಿಂದ 60 ಸೆಂಮೀ ಕೆಳಗೆ ಒಂದೂವರೆ ಇಂಚಿನ ತೂತು ತೆರೆದುಕೊಂಡರೆ ನಿಮಿಷಕ್ಕೆ 130-140 ಲೀಟರ್ ಒಳಗೆ ಬರುತ್ತದೆ. ಎಲೆಕ್ಟ್ರಿಕ್ ಪಂಪ್‌ನ ಡಬ್ಬಿ ಮೇಲೆ ಬರೆದ ಅಂಕಿ ನಂಬಬೇಡಿ. ಅದು ನೀರನ್ನು ಮೇಲೆತ್ತದೆ ಅಳೆದದ್ದು. ಪೈಪ್ ಹಾಕಿ ಮೇಲಕ್ಕೆ ಎತ್ತಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಕೈಪಂಪ್ ಎರಡು ಇರಲಿ. ಒಂದನ್ನು ಚುಕ್ಕಾಣಿ ಹಿಡಿದವರೇ ಒತ್ತುವ ಹಾಗೆ ಇರಬೇಕು.

ಸೋಲಾರ್_ಹುಬ್ಬಳ್ಳಿ · ಜನವರಿ 27

ಕರೆಂಟಿನ ಬಗ್ಗೆ ಯಾರೂ ಮಾತಾಡಿಲ್ಲರಿ, ನಾ ಹೇಳತೀನಿ. ಸೋಲಾರ್ ಕೆಲಸದಾಗ ಹದಿನಾರು ವರ್ಷ ಆತು.

ಸಾಮಾನು ಕೊಳ್ಳುವ ಮೊದಲು ಖರ್ಚಿನ ಲೆಕ್ಕ ಹಾಕಿ. 12 ವೋಲ್ಟ್‌ನಲ್ಲಿ ದಿನಕ್ಕೆ ಫ್ರಿಜ್ ಸುಮಾರು 40 ಆಂಪ್‌ಅವರ್ (ಬ್ಯಾಟರಿಯಿಂದ ಖರ್ಚಾಗುವ ಕರೆಂಟಿನ ಅಳತೆ). ಆಟೊಪೈಲಟ್ (ಚುಕ್ಕಾಣಿಯನ್ನು ತಾನೇ ನಡೆಸುವ ಯಂತ್ರ) 50ರಿಂದ 70. ಪ್ಲಾಟರ್, ರೇಡಿಯೊ, ಎಐಎಸ್ (ಹತ್ತಿರದ ಹಡಗು ತೋರಿಸುವ ಸಾಧನ), ದೀಪ ಎಲ್ಲ ಸೇರಿ 30. ಸ್ಟಾರ್‌ಲಿಂಕ್‌ನ ಸಣ್ಣ ತಟ್ಟೆಯನ್ನು ದಿನವಿಡೀ ಹಚ್ಚಿಟ್ಟರೆ ಇನ್ನೊಂದು 60. ಒಟ್ಟು 200ರ ಹತ್ತಿರ ಹೋಯಿತು. 400 ವ್ಯಾಟ್ ಪ್ಯಾನೆಲ್ ಮೇಲೆ ಹಾಯಿಯ ನೆರಳು ಬೀಳುತ್ತದೆ, ದೋಣಿ ವಾಲಿರುತ್ತದೆ. ಮೇ, ಜೂನ್ ಅಂದರೆ ನಿಮ್ಮ ಕಡೆ ಚಳಿಗಾಲ, ಸೂರ್ಯ ಕೆಳಗಿರುತ್ತಾನೆ. 80ರಿಂದ 100 ಬಂದರೆ ಪುಣ್ಯ. ಉಳಿದದ್ದಕ್ಕೆ ದಿನಾ ಎಂಜಿನ್ ಓಡಿಸಬೇಕು.

ಹಾಗಾಗಿ ಬ್ಯಾಟರಿ ದೊಡ್ಡದು ಮಾಡುವುದಕ್ಕಿಂತ ಖರ್ಚು ಇಳಿಸಿ. ಸ್ಟಾರ್‌ಲಿಂಕ್ ದಿನಕ್ಕೆ ಒಂದು ಗಂಟೆ ಹಚ್ಚಿ, ಹವಾಮಾನ ನೋಡಿ, ಮನೆಗೆ ಮಾತಾಡಿ, ಆರಿಸಿ. ಆಟೊಪೈಲಟ್ ಬದಲು ಗಾಳಿಯಿಂದಲೇ ಓಡುವ ಸ್ಟೀರಿಂಗ್ ಸಿಗುತ್ತದಂತೆ, ಅದರ ಬಗ್ಗೆ ಅಕ್ಕನವರು ಹೇಳಬೇಕು.

ಲಿಥಿಯಂ ಹಾಕಿಸುವುದಾದರೆ ಒಂದು ಎಚ್ಚರಿಕೆ. ಎಂಜಿನ್‌ನಿಂದ ಕರೆಂಟ್ ಮಾಡುವ ಹಳೇ ಆಲ್ಟರ್ನೇಟರ್‌ಗೆ ಅದನ್ನು ನೇರ ಜೋಡಿಸಬೇಡಿ. ಲಿಥಿಯಂ ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟುಹೋಗುತ್ತದೆ. ಬ್ಯಾಟರಿಯ ಒಳಗಿನ ರಕ್ಷಣಾ ಸರ್ಕ್ಯೂಟ್ ಥಟ್ಟನೆ ಕಟ್ ಆದರೆ ಆಲ್ಟರ್ನೇಟರ್ ಒಳಗಿನ ಡಯೋಡ್‌ಗಳು ಹೋಗುತ್ತವೆ. ಸ್ಟಾರ್ಟ್ ಬ್ಯಾಟರಿ ಹಳೇ ಲೆಡ್ ಆಸಿಡ್ಡೇ ಇರಲಿ. ಆಲ್ಟರ್ನೇಟರ್ ಅದನ್ನು ತುಂಬಲಿ. ಅಲ್ಲಿಂದ ಡಿಸಿ-ಡಿಸಿ ಚಾರ್ಜರ್ ಮೂಲಕ ಲಿಥಿಯಂಗೆ ಹೋಗಲಿ. ಪ್ರತಿ ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಫ್ಯೂಸ್ ಇರಬೇಕು. ನಡುನೀರಿನಲ್ಲಿ ಬೆಂಕಿ ಹತ್ತಿದರೆ ಓಡಿಹೋಗಲು ಜಾಗ ಇಲ್ಲರಿ.

ನೀಲಿ_ಲಂಗರು · ಜನವರಿ 28

ಹುಬ್ಬಳ್ಳಿಯವರ ಲೆಕ್ಕ ಸರಿಯಾಗಿದೆ, ನಮ್ಮ ಅನುಭವವೂ ಅದೇ.

ಗಾಳಿ ಸ್ಟೀರಿಂಗ್‌ಗೆ ವಿಂಡ್‌ವೇನ್ ಅನ್ನುತ್ತಾರೆ. ಹಿಂಭಾಗದಲ್ಲಿ ಒಂದು ತೆಳು ಹಲಗೆ ಗಾಳಿಗೆ ವಾಲುತ್ತದೆ, ಅದು ಚುಕ್ಕಾಣಿಯನ್ನು ತಿದ್ದುತ್ತದೆ. ಒಂದು ಹನಿ ಕರೆಂಟ್ ಬೇಡ, ಊಟ ನಿದ್ದೆ ಬೇಡ. ಇಬ್ಬರೇ ಹೋಗುವ ದೋಣಿಗೆ ಅದು ಮೂರನೇ ಮನುಷ್ಯ. ನಾವು ಅದನ್ನು ಮಾತಾಡಿಸುತ್ತಿದ್ದೆವು. ಕೆಲವು ಮಾದರಿಗೆ ತನ್ನದೇ ಚುಕ್ಕಾಣಿ ಇರುತ್ತದೆ, ದೋಣಿಯದು ಮುರಿದರೆ ಅದೇ ಆಸರೆ. ಹಳೇದು ಸಿಕ್ಕಿದರೂ ತೆಗೆದುಕೊಳ್ಳಿ. ವಾಟರ್‌ಮೇಕರ್ ಬಿಡಿ, ಆ ದುಡ್ಡು ಇದಕ್ಕೆ ಹಾಕಿ. ಇಬ್ಬರಿಗೆ ದಿನಕ್ಕೆ 8 ಲೀಟರ್ ಅಂದರೂ 15 ದಿನಕ್ಕೆ 120 ಲೀಟರ್. ಎರಡು ಬೇರೆ ಬೇರೆ ಟ್ಯಾಂಕ್‌ನಲ್ಲಿ ಇಡಿ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಮೇಲೆ ನಾಲ್ಕು ಕ್ಯಾನ್.

ಇವರ_ಮನೆಯವಳು · ಫೆಬ್ರವರಿ 2

ನಮಸ್ಕಾರ. ನಾನು ಕಡಲತಡಿ ಅವರ ಹೆಂಡತಿ. ನೀವೆಲ್ಲ ಬರೆದದ್ದನ್ನು ದಿನಾ ಓದುತ್ತಿದ್ದೇನೆ. ನನ್ನದೂ ಒಂದು ಪ್ರಶ್ನೆ ಇದೆ, ಇವರ ಮುಂದೆ ಕೇಳಲು ಆಗಿಲ್ಲ, ಇಲ್ಲೇ ಕೇಳುತ್ತೇನೆ.

ನಾನು ಹಾಸನದ ಕಡೆಯವಳು. ಮದುವೆಯಾಗುವವರೆಗೆ ಸಮುದ್ರ ನೋಡಿದ್ದು ಒಂದೇ ಸಲ. ಈಗ ದೋಣಿ ಓಡಿಸಲು ಕಲಿತಿದ್ದೇನೆ, ಇಷ್ಟವೂ ಆಗಿದೆ. ಆದರೆ ರಾತ್ರಿ ನಾನು ಒಳಗೆ ಮಲಗಿದ್ದಾಗ ಇವರು ಮೇಲಿಂದ ನೀರಿಗೆ ಬಿದ್ದರೆ? ಇವರು 84 ಕೆಜಿ, ನಾನು 55. ನನ್ನೊಬ್ಬಳ ಕೈಯಲ್ಲಿ ಇವರನ್ನು ವಾಪಸ್ ತರಲು ಆಗುತ್ತದಾ? ಸತ್ಯ ಹೇಳಿ.

ನೀಲಿ_ಲಂಗರು · ಫೆಬ್ರವರಿ 2

ತಂಗಿ, ಈ ಪ್ರಶ್ನೆ ಕೇಳಿದ್ದು ತುಂಬ ಒಳ್ಳೆಯದಾಯಿತು. ಇಷ್ಟು ದಿನ ಇಲ್ಲಿ ಬರೆದ ಎಲ್ಲಕ್ಕಿಂತ ಇದು ದೊಡ್ಡದು.

ಸತ್ಯ ಹೇಳುತ್ತೇನೆ. ರಾತ್ರಿ, ದೊಡ್ಡ ತೆರೆಯಲ್ಲಿ, ಹಗ್ಗ ಕಟ್ಟಿಕೊಳ್ಳದೆ ಬಿದ್ದವರನ್ನು ಒಬ್ಬರೇ ಹುಡುಕಿ ತರುವುದು ಬಹಳ ಕಷ್ಟ. ದೋಣಿ 6 ನಾಟ್ (ಗಂಟೆಗೆ 6 ನಾಟಿಕಲ್ ಮೈಲಿ) ವೇಗದಲ್ಲಿದ್ದರೆ ಒಂದು ನಿಮಿಷಕ್ಕೆ 180 ಮೀಟರ್ ಮುಂದೆ ಹೋಗಿರುತ್ತದೆ. ತಲೆ ಅಂದರೆ ತೆಂಗಿನಕಾಯಿಯಷ್ಟು ಗಾತ್ರ. ಹಗಲಿನಲ್ಲೇ ಕಾಣುವುದಿಲ್ಲ. ಆದ್ದರಿಂದ ಬೀಳದೇ ಇರುವುದೇ ಕೆಲಸ.

ನಮ್ಮ ದೋಣಿಯ ನಿಯಮಗಳು ಹೇಳುತ್ತೇನೆ. ಮುಂಭಾಗದಿಂದ ಹಿಂಭಾಗದವರೆಗೆ ಎರಡೂ ಕಡೆ ಗಟ್ಟಿ ಪಟ್ಟಿ ಕಟ್ಟಿರುತ್ತೇವೆ. ಮೆಟ್ಟಿಲು ಹತ್ತಿ ಮೇಲೆ ಬರುವ ಮೊದಲೇ, ಒಳಗೆ ನಿಂತೇ ಕೊಕ್ಕೆ ಹಾಕಿಕೊಳ್ಳಬೇಕು. ಕೊಕ್ಕೆಯ ಹಗ್ಗ ಗಿಡ್ಡ ಇರಬೇಕು, ಅಂಚು ದಾಟಿ ಬೀಳಲು ಸಾಧ್ಯವೇ ಆಗಬಾರದು. ಉದ್ದ ಹಗ್ಗ ಇದ್ದರೆ ಬಿದ್ದವರು ದೋಣಿ ಪಕ್ಕದಲ್ಲಿ ನೀರಿನಲ್ಲಿ ಎಳೆಯಲ್ಪಟ್ಟು ಮುಳುಗುತ್ತಾರೆ. ರಾತ್ರಿ ಮುಂಭಾಗಕ್ಕೆ ಹೋಗಬೇಕಾದರೆ ಮಲಗಿದವರನ್ನು ಎಬ್ಬಿಸಲೇಬೇಕು. ಎಬ್ಬಿಸಲು ಮನಸ್ಸಾಗುವುದಿಲ್ಲ, ಪಾಪ ಈಗ ತಾನೇ ಮಲಗಿದರು ಅನಿಸುತ್ತದೆ. ಆದರೂ ಎಬ್ಬಿಸಬೇಕು. ಗಂಡಸರು ಅಂಚಿನಲ್ಲಿ ನಿಂತು ಮೂತ್ರ ಮಾಡುವುದು ಪೂರ್ತಿ ನಿಷೇಧ.

ಇಷ್ಟಾದ ಮೇಲೂ ಬಿದ್ದರೆ? ಅದಕ್ಕೆ ಅಭ್ಯಾಸ ಬೇಕು. ಮೊದಲ ಹೆಜ್ಜೆ ದೋಣಿ ನಿಲ್ಲಿಸುವುದು. ಮುಂಭಾಗದ ಹಾಯಿಯ ಹಗ್ಗ ಬಿಚ್ಚದೆ ದೋಣಿಯನ್ನು ಗಾಳಿಗೆ ತಿರುಗಿಸಿ, ಹಾಯಿ ಹಿಂದಕ್ಕೆ ತುಂಬಿಕೊಂಡರೆ ದೋಣಿ ನಿಂತ ಹಾಗೆ ಆಗುತ್ತದೆ. ಇಂಗ್ಲಿಷ್‌ನವರು ಹೀವ್-ಟು ಅನ್ನುವುದು ಇದನ್ನೇ. ಆಮೇಲೆ ತೇಲುವ ಕುಣಿಕೆಯನ್ನು ಉದ್ದ ಹಗ್ಗದಲ್ಲಿ ಬಿಟ್ಟು ಅವರ ಸುತ್ತ ಬರುವ ಹಾಗೆ ತಿರುಗಬೇಕು. ಎತ್ತುವುದಕ್ಕೆ ತೋಳಿನ ಬಲ ನಂಬಬೇಡಿ. ಹಾಯಿ ಎತ್ತುವ ಹಗ್ಗಕ್ಕೆ ರಾಟೆ ಜೋಡಿಸಿ ವಿಂಚ್‌ನಲ್ಲಿ (ಹಗ್ಗ ಎಳೆಯುವ ತಿರುಗಣೆ) ಸುತ್ತಿದರೆ 55 ಕೆಜಿಯವರು 84 ಕೆಜಿಯವರನ್ನು ಎತ್ತಬಹುದು. ನಾನು ನಮ್ಮವರನ್ನು ಎತ್ತಿದ್ದೇನೆ. ಶಾಂತ ನೀರಿನಲ್ಲಿ, ಬೇಸಿಗೆಯಲ್ಲಿ, ಬೇಕಂತಲೇ ಇಳಿಸಿ. ನೀವೂ ಮಾಡಿ. ಇವರು ದೋಣಿಯ ಮೇಲೆ ಕೂತು ಹೇಳಿಕೊಡುವ ಹಾಗಿಲ್ಲ, ನೀರಿನಲ್ಲಿ ಸುಮ್ನೆ ತೇಲಬೇಕು.

ದಕ್ಕೆ_ಮೆಕ್ಯಾನಿಕ್ · ಫೆಬ್ರವರಿ 3

ಅಕ್ಕ ಬರೆದದ್ದು ಓದಿ ಮನಸ್ಸು ಭಾರ ಆಯಿತು. ನಮ್ಮ ಮಲ್ಪೆಯ ಸುವರ್ಣ ತ್ರಿಭುಜ ಬೋಟ್ ನೆನಪಾಯಿತು. 2018ರ ಡಿಸೆಂಬರ್‌ನಲ್ಲಿ ಏಳು ಜನ ಹೋದವರು ವಾಪಸ್ ಬರಲಿಲ್ಲ. ದಕ್ಕೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು, ಎಲ್ಲರ ಕಣ್ಣು ಅಳಿವೆ ಕಡೆ. ಬೋಟ್‌ನ ಅವಶೇಷ ಮಾಲ್ವಣದ ಹತ್ತಿರ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ. ಐದು ತಿಂಗಳು ಆ ಮನೆಗಳವರಿಗೆ ಏನೂ ಗೊತ್ತಿರಲಿಲ್ಲ.

ಹಾಗಾಗಿ ಒಂದೇ ಮಾತು ಹೇಳುತ್ತೇನೆ. ಅಪಾಯದ ಸಿಗ್ನಲ್ ಕಳಿಸುವ ಪೆಟ್ಟಿಗೆ, ನಿಮ್ಮಲ್ಲಿ ಇಪರ್ಬ್ ಅನ್ನುತ್ತಾರಲ್ಲ, ಅದನ್ನು ನಿಮ್ಮ ಹೆಸರಿಗೆ ನೋಂದಾಯಿಸಿ. ಊರಲ್ಲಿರುವ ಯಾರದ್ದಾದರೂ ಫೋನ್ ನಂಬರ್ ಅದರಲ್ಲಿ ಇರಲಿ. ಆ ನಂಬರ್‌ನವರಿಗೆ ನೀವು ಯಾವ ದಿನ ಹೊರಟಿರಿ, ಯಾವ ದಾರಿ, ಎಷ್ಟು ದಿನ ಅಂತ ಬರೆದು ಕೊಟ್ಟಿರಿ.

ನೀಲಿ_ಲಂಗರು · ಫೆಬ್ರವರಿ 3

ಹೌದು. ಇಪರ್ಬ್ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಹೇಳುತ್ತದೆ, ಕನಿಷ್ಠ 48 ಗಂಟೆ ಕೂಗುತ್ತಲೇ ಇರುತ್ತದೆ. ಬ್ಯಾಟರಿಯ ತಾರೀಖು ನೋಡಿ. ಸ್ಟಾರ್‌ಲಿಂಕ್ ಇದಕ್ಕೆ ಬದಲಿ ಅಲ್ಲ. ಮಾಸ್ಟ್ ಬಿದ್ದು, ಬ್ಯಾಟರಿ ನೀರಲ್ಲಿ ಮುಳುಗಿದ ಹೊತ್ತಿಗೆ ಕೆಲಸ ಮಾಡುವುದು ಆ ಹಳದಿ ಪೆಟ್ಟಿಗೆ ಮಾತ್ರ.

ಕಡಲತಡಿ_ಆಕ್ಲೆಂಡ್ · ಫೆಬ್ರವರಿ 19

ಹೆಂಡತಿ ಬರೆದದ್ದನ್ನು ಇಲ್ಲೇ ಓದಿದೆ. ಆ ರಾತ್ರಿ ತುಂಬ ಹೊತ್ತು ಮಾತಾಡಿದೆವು. ಇಷ್ಟು ದಿನ ದೋಣಿ ತಯಾರಿ ನನ್ನೊಬ್ಬನ ಕೆಲಸ ಅಂದುಕೊಂಡಿದ್ದೆ. ಈಗ ಯಾರ್ಡ್‌ಗೆ ಇಬ್ಬರೂ ಹೋಗುತ್ತೇವೆ.

ಇವತ್ತಿನ ಸುದ್ದಿ ಒಳ್ಳೆಯದಲ್ಲ. ಮಾಸ್ಟ್‌ನ ತಂತಿಗಳು ದೋಣಿಗೆ ಕಚ್ಚಿಕೊಳ್ಳುವ ಸ್ಟೀಲ್ ಪಟ್ಟಿಗಳಿವೆ, ಚೈನ್‌ಪ್ಲೇಟ್. ಡೆಕ್‌ನ (ದೋಣಿಯ ಮೇಲ್ಹಾಸು) ಮೇಲೆ ಕಾಣುವ ಭಾಗ ಕನ್ನಡಿ ಥರ ಇತ್ತು. ಇನ್‌ಸ್ಪೆಕ್ಟರ್ ಒಂದನ್ನಾದರೂ ಬಿಚ್ಚಿ ತೋರಿಸಿ ಅಂದರು. ಬಿಚ್ಚಿದೆವು. ಡೆಕ್‌ನ ಒಳಗೆ ಹೂತಿದ್ದ ಎರಡು ಇಂಚು ಜಾಗದಲ್ಲಿ ಕಾಫಿ ಕಲೆಯಂಥ ಗುರುತು, ಅದರ ನಡುವೆ ಕೂದಲಿನಂಥ ಕಪ್ಪು ಗೆರೆ. ಅವಳು ಟಾರ್ಚ್ ಹಿಡಿದಳು, ನಾನು ಉಗುರು ಎಳೆದೆ, ಉಗುರು ಸಿಕ್ಕಿಕೊಂಡಿತು. ವೈಸ್‌ನಲ್ಲಿ ಇಟ್ಟು ಬಗ್ಗಿಸಿದರೆ ಆ ಗೆರೆಯಲ್ಲೇ ಬಿಸ್ಕತ್ ಹಾಗೆ ತುಂಡಾಯಿತು. ಒಡೆದ ಮುಖದ ಮುಕ್ಕಾಲು ಭಾಗ ಮೊದಲೇ ಕಪ್ಪಾಗಿತ್ತು. ಅಂದರೆ ಕಾಲು ಭಾಗದ ಮೇಲೆ ಮಾಸ್ಟ್ ನಿಂತಿತ್ತು.

ಎಂಟು ಪಟ್ಟಿ ಹೊಸದಾಗಿ ಮಾಡಿಸಬೇಕು. ತಂತಿಗಳು 17 ವರ್ಷ ಹಳೆಯವಂತೆ, ಅವನ್ನೂ ಬದಲಿಸಬೇಕು. ಒಟ್ಟು 11,500 ಡಾಲರ್ ಹೇಳಿದ್ದಾರೆ. ಇದನ್ನು ಮಾಡಿಸಿದರೆ ಲೈಫ್‌ರಾಫ್ಟ್‌ಗೆ ದುಡ್ಡು ಉಳಿಯುವುದೇ ಕಷ್ಟ. ಈ ವರ್ಷ ತಂತಿ ಹಾಗೇ ಬಿಟ್ಟು ಪಟ್ಟಿ ಮಾತ್ರ ಬದಲಿಸಿದರೆ ಆಗುತ್ತದಾ?

ಫೈಬರ್_ಗೋವಾ · ಫೆಬ್ರವರಿ 19

ಬೇಡ. ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯದಿರಲು ಗಾಳಿ ಬೇಕು. ಒದ್ದೆಯಾಗಿ, ಗಾಳಿಯಾಡದೆ ಹೂತಿರುವ ಕಡೆ ಅದು ಒಳಗಿಂದ ತಿನ್ನಿಸಿಕೊಳ್ಳುತ್ತದೆ. ನಿಮ್ಮ ತಂತಿಯ ಕೆಳತುದಿಯನ್ನು ಒತ್ತಿ ಕೂರಿಸಿರುತ್ತಾರಲ್ಲ, ಅಲ್ಲಿಯೂ ನೀರು ಇಳಿದು ಅದೇ ಕೆಲಸ ನಡೆದಿರುತ್ತದೆ. 17 ವರ್ಷ ತುಂಬ ಜಾಸ್ತಿ. ಹೊಸದು ಹಾಕಿಸುವಾಗ ತುದಿಗಳನ್ನು ಕೈಯಿಂದಲೇ ಬಿಗಿಯುವ ಮಾದರಿಯಲ್ಲಿ ಹಾಕಿಸಿ, ಸಮುದ್ರದಲ್ಲೇ ನೀವೇ ಬದಲಿಸಬಹುದು. ಅತಿ ಉದ್ದದ ತಂತಿಯ ಅಳತೆಯ ಒಂದು ತುಂಡು ಹೆಚ್ಚುವರಿ ಇಟ್ಟುಕೊಳ್ಳಿ.

ಸೋಲಾರ್_ಹುಬ್ಬಳ್ಳಿ · ಫೆಬ್ರವರಿ 20

ನಂದೊಂದು ಬೇರೆ ಅಭಿಪ್ರಾಯ ರೀ. ಲೈಫ್‌ರಾಫ್ಟ್ ಬಿಡೋದು ಸರಿ ಅನಿಸೋದಿಲ್ಲ. ಜೀವದ ಪ್ರಶ್ನೆ. ತಂತಿ ಮುಂದಿನ ವರ್ಷ ಮಾಡಿಸಿ.

ನೀಲಿ_ಲಂಗರು · ಫೆಬ್ರವರಿ 20

ರಾಫ್ಟ್ ಬಿಡುವ ಹಾಗಿಲ್ಲ, ತಪಾಸಣೆಯಲ್ಲೇ ಕೇಳುತ್ತಾರೆ. ಆದರೆ ಹೊಸದು ಕೊಳ್ಳಬೇಕಾಗಿಲ್ಲ. ಇಲ್ಲಿ ಬಾಡಿಗೆಗೆ ಸಿಗುತ್ತದೆ, ಸರ್ವಿಸ್ ತಾರೀಖು ನೋಡಿ ತೆಗೆದುಕೊಳ್ಳಿ. ಚಾರ್ಟ್‌ಪ್ಲಾಟರ್ ಹಳೆಯದೇ ಸಾಕು, ಜೊತೆಗೆ ಎರಡು ಟ್ಯಾಬ್ಲೆಟ್ ಮತ್ತು ಕಾಗದದ ನಕ್ಷೆ. ಲಿಥಿಯಂ ಮುಂದಿನ ವರ್ಷಕ್ಕೆ.

ರಾಫ್ಟ್ ಬಗ್ಗೆ ಒಂದು ಮಾತು ಹೇಳಲೇಬೇಕು. 1979ರಲ್ಲಿ ಬ್ರಿಟನ್ ಕಡೆಯ ಫಾಸ್ಟ್‌ನೆಟ್ ಹಾಯಿದೋಣಿ ರೇಸ್‌ನಲ್ಲಿ ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಸತ್ತರು. 24 ದೋಣಿಗಳನ್ನು ಜನ ಬಿಟ್ಟು ಹೋದರು. ಅವುಗಳಲ್ಲಿ ಮುಳುಗಿದ್ದು ಐದೇ. ನಿಮ್ಮ ಇದೇ ದಾರಿಯಲ್ಲಿ 1994ರ ಜೂನ್ ಮೊದಲ ವಾರ ದೊಡ್ಡ ಬಿರುಗಾಳಿ ಬಂತು. 21 ಜನರನ್ನು ಕಾಪಾಡಿದರು, ಒಂದು ದೋಣಿಯ ಮೂವರು ಸಿಗಲೇ ಇಲ್ಲ. ಜನ ಬಿಟ್ಟು ಬಂದ ಒಂದು ಕ್ಯಾಟಮರಾನ್ (ಜೋಡಿ ಮೈಯ ದೋಣಿ) ದಿನಗಳ ನಂತರವೂ ತೇಲುತ್ತಿತ್ತು. ದೋಣಿ ಕಾಲಡಿಯಿಂದ ನಿಜವಾಗಿ ಹೋಗುವವರೆಗೆ ದೋಣಿಯೇ ಆಸರೆ. ಅದಕ್ಕೇ ದುಡ್ಡು ಮೊದಲು ದೋಣಿಗೆ ಹೋಗಲಿ ಅನ್ನುವುದು.

ಹೊರಡುವ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಡಿ. ಒಂದು ಫ್ರಂಟ್ (ಮಳೆಗಾಳಿ ತರುವ ಹವಾಮಾನದ ಪಟ್ಟಿ) ದಾಟಿ, ಗಾಳಿ ನೈಋತ್ಯಕ್ಕೆ ತಿರುಗಿ, ಹಿಂದೆ ಹೈ ಪ್ರೆಷರ್ ಬರುತ್ತಿರುವಾಗ ಹೊರಡಬೇಕು. ಅದು ಮೇ 10 ಇರಬಹುದು, ಜೂನ್ 2 ಇರಬಹುದು. ವಿಮಾನದಲ್ಲಿ ಬರುವ ನೆಂಟರಿಗೆ ಟೋಂಗಾದಲ್ಲಿ ಇಂಥ ದಿನ ಸಿಗುತ್ತೇವೆ ಅಂತ ಮಾತು ಕೊಡಲೇಬೇಡಿ.

ಇವರ_ಮನೆಯವಳು · ಏಪ್ರಿಲ್ 6

ಅಕ್ಕ, ಮಾಡಿದೆವು. ಇವರು ನೀರಿಗೆ ಇಳಿದರು. ಪಕ್ಕದ ದೋಣಿಯ ದಂಪತಿ ಡಿಂಗಿಯಲ್ಲಿ (ಪುಟ್ಟ ದೋಣಿ) ಹತ್ತಿರವೇ ಇದ್ದರು. ಮೊದಲನೇ ಸಲ ದೋಣಿ ನಿಲ್ಲಿಸಿ ಎತ್ತಲು 31 ನಿಮಿಷ ಹಿಡಿಯಿತು. ಹಗ್ಗ ಸುತ್ತಿಕೊಂಡಿತು, ಅಳು ಬಂತು. ಎರಡನೇ ಸಲ 17. ಮರುದಿನ ಮೂರನೇ ಸಲ 11. ಇವರಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಆದರೂ ಒಂದು ಮಾತು ಆಡಲಿಲ್ಲ. ವಿಂಚ್ ತಿರುಗಿಸುತ್ತಾ ಇವರ ಮುಖ ಅಂಚಿನ ಮೇಲೆ ಬಂದಾಗ ನನಗೆ ಆದ ಸಂತೋಷ ಹೇಳಲಾರೆ.

ಅಡುಗೆ ಬಗ್ಗೆಯೂ ಹೇಳಿ. ಮೂರು ದಿನ ವಾಂತಿ ಇರುತ್ತದೆ ಅನ್ನುತ್ತಾರೆ.

ನೀಲಿ_ಲಂಗರು · ಏಪ್ರಿಲ್ 6

ಓದಿ ನನಗೂ ಕಣ್ಣು ತುಂಬಿತು ತಂಗಿ.

ವಾಂತಿ ಮಾತ್ರೆ ಹೊರಡುವ ಹಿಂದಿನ ರಾತ್ರಿಯೇ ಶುರು ಮಾಡಿ. ಯಾವ ಮಾತ್ರೆ ಆಗುತ್ತದೆ ಅಂತ ಮೊದಲೇ ಡಾಕ್ಟರ್ ಕೇಳಿ, ಒಂದು ಸಣ್ಣ ಪ್ರಯಾಣದಲ್ಲಿ ಪರೀಕ್ಷಿಸಿ. ಮೊದಲ ಮೂರು ದಿನದ ಊಟ ಮನೆಯಲ್ಲೇ ಮಾಡಿ ಡಬ್ಬಿಗೆ ಹಾಕಿ. ಮೊಸರನ್ನ, ಗಂಜಿ, ಉಪ್ಪಿನಕಾಯಿ. ಅವಲಕ್ಕಿ ದೇವರು ಕೊಟ್ಟ ಸಮುದ್ರದ ಊಟ, ಒಲೆ ಹಚ್ಚದೆ ಚಟ್ನಿಪುಡಿ ಕಲಸಿದರೆ ಆಯಿತು. ಪ್ರೆಷರ್ ಕುಕ್ಕರ್ ಮರೆಯಬೇಡಿ. ಮುಚ್ಚಳ ಲಾಕ್ ಆಗುತ್ತದೆ, ದೋಣಿ ಎಷ್ಟು ಹೊರಳಿದರೂ ಬಿಸಿನೀರು ಮೈಮೇಲೆ ಚೆಲ್ಲುವುದಿಲ್ಲ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಕೂರುತ್ತದೆ. ಅಡುಗೆ ಆದ ಕೂಡಲೇ ಸಿಲಿಂಡರ್ ಹತ್ತಿರವೇ ಬಂದ್ ಮಾಡಿ. ಹಣ್ಣು, ತರಕಾರಿ ಟೋಂಗಾ ತಲುಪುವ ಮೊದಲು ಮುಗಿಸಿ, ಅಲ್ಲಿನ ತಪಾಸಣೆಯಲ್ಲಿ ತೆಗೆದುಕೊಂಡುಬಿಡಬಹುದು.

ಕಡಲತಡಿ_ಆಕ್ಲೆಂಡ್ · ಮೇ 13

ಓಪುವಾದಿಂದ ಬರೆಯುತ್ತಿದ್ದೇನೆ. ತಪಾಸಣೆ ಪಾಸ್ ಆಯಿತು. ಚೈನ್‌ಪ್ಲೇಟ್, ತಂತಿ, ವಾಲ್ವ್ ಎಲ್ಲ ಹೊಸದು. ಹಳೇ ವಿಂಡ್‌ವೇನ್ ಒಂದು ಸಿಕ್ಕಿತು. ಬ್ಯಾಟರಿ ಹಳೆಯದೇ, ಪ್ಲಾಟರ್ ಹಳೆಯದೇ. ರಾಫ್ಟ್ ಬಾಡಿಗೆಯದು. ಕೈಯಲ್ಲಿ 640 ಡಾಲರ್ ಉಳಿದಿದೆ.

ಹೊರಗೆ ಈಶಾನ್ಯ ಗಾಳಿ 30 ನಾಟ್, ಮಳೆ. ಶುಕ್ರವಾರ ಫ್ರಂಟ್ ದಾಟಬಹುದು ಅಂತ ನೋಡುತ್ತಿದ್ದೇವೆ. ಅವಳು ಈಗ ಡೀಸೆಲ್ ಏರ್ ತೆಗೆಯುವುದನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಾಡುತ್ತಿದ್ದಾಳೆ, ನಾನು ಸಮಯ ನೋಡುತ್ತಿದ್ದೇನೆ.

ದಕ್ಕೆ_ಮೆಕ್ಯಾನಿಕ್ · ಮೇ 13

ಫಿಲ್ಟರ್ ಎಷ್ಟು ಇಟ್ಟಿದ್ದೀರಿ?

ಇವರ_ಮನೆಯವಳು · ಮೇ 13

ಹದಿನಾಲ್ಕು, ಅಣ್ಣ. ಏರ್ ತೆಗೆದದ್ದು ನಾಲ್ಕು ನಿಮಿಷದಲ್ಲಿ.

ದಕ್ಕೆ_ಮೆಕ್ಯಾನಿಕ್ · ಮೇ 13

ಸಾಕು. ಹೋಗಿ ಬನ್ನಿ. ಮುಟ್ಟಿದ ಕೂಡಲೇ ಇಲ್ಲಿ ಒಂದು ಸಾಲು ಬರೆಯಿರಿ.